ಗೇಟಿನಿಂದ ನೋಡಬೇಕಾದ ತೋಟ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ಸಂಗತಿ ತಪ್ಪಿರಬಹುದು. ತೋಟದ ನಡುವಿನ ಪಾತಿ ದುಂಡಗಿತ್ತು ಎಂದು ನನಗೆ ಖಚಿತವಾಗಿ ನೆನಪಿದೆ. ಮೊಟ್ಟೆಯಾಕಾರದಲ್ಲಿತ್ತು ಎಂದು ಅವ್ವನಿಗೆ ಅಷ್ಟೇ ಖಚಿತವಾಗಿ ನೆನಪಿತ್ತು. ಸಿಮೆಂಟಿನ ಕೊಕ್ಕರೆ ಒಂದೇ ಇತ್ತೋ ಜೋಡಿ ಇತ್ತೋ ಎಂಬ ಬಗ್ಗೆ ನಮ್ಮಲ್ಲಿ ಕಡೆಯವರೆಗೂ ಒಮ್ಮತ ಮೂಡಲಿಲ್ಲ. ನಾನು ಆಗಲೇ ಡೈರಿ ಬರೆಯುತ್ತಿದ್ದವಳು, ನಿಜ. ಆದರೆ ಆ ಶ್ರಾವಣದ ಪುಟಗಳಲ್ಲಿ ಅರ್ಥಶಾಸ್ತ್ರದ ಪರೀಕ್ಷೆಯ ಭಯ ಬಿಟ್ಟರೆ ಬೇರೇನೂ ಇಲ್ಲ. ಮನೆಯ ಮುಂದೆ ಇಷ್ಟೆಲ್ಲ ನಡೆಯುತ್ತಿದ್ದಾಗ ನಾನು ಒಳಗೆ ಕೂತು ಬೇಡಿಕೆ ಮತ್ತು ಪೂರೈಕೆಯ ನಿಯಮ ಬಾಯಿಪಾಠ ಮಾಡುತ್ತಿದ್ದೆ. ಆದ್ದರಿಂದ ನೆನಪನ್ನೇ ನೆಚ್ಚಿಕೊಳ್ಳಬೇಕಾಗಿದೆ, ಅದರ ಮೇಲೆ ಅಂಥ ನಂಬಿಕೆಯೇನೂ ಇಲ್ಲದಿದ್ದರೂ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ದಾವಣಗೆರೆ ಕಡೆಯಿಂದ ಸರ್ಕಾರಿ ಕೆಲಸದ ಮೇಲೆ ಬೆಂಗಳೂರಿಗೆ ಬಂದ ಅಪ್ಪಾಜಿ, ರಾಜಾಜಿನಗರದ ನಲವತ್ತು–ಅರವತ್ತರ ಸೈಟಿನಲ್ಲಿ ಮನೆ ಕಟ್ಟಿಸಿ ಸ್ವಲ್ಪ ಕಾಲವಾಗಿತ್ತು. ಮನೆಯಲ್ಲಿ ಅಪ್ಪಾಜಿ, ಅವ್ವ, ನಾನು ಮತ್ತು ಅಪ್ಪಾಜಿಯ ಅಕ್ಕ, ಅಂದರೆ ನಮ್ಮ ಅತ್ತೆ. ಅತ್ತೆಯ ಗಂಡ ಬಹಳ ಬೇಗ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ‘ತಮ್ಮನ ಮನೇಲಿ ಇದ್ದಾಳೆ’ ಎಂದು ನೆಂಟರು ಹೇಳುತ್ತಿದ್ದರು. ಹೇಳುವಾಗ ದನಿಯನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತಿದ್ದರು, ಅವರು ಅಲ್ಲಿ ಇರುವುದಲ್ಲ, ಇಡಲ್ಪಟ್ಟಿರುವುದು ಎಂಬ ಹಾಗೆ.

ಮನೆಗೆ ಮುಂದೊಂದಿಷ್ಟು ಜಾಗ, ಹಿಂದೊಂದಿಷ್ಟು ಜಾಗ. ಮುಂದಿನದು ಖಾಲಿ ಬಿದ್ದಿತ್ತು. ಹಿಂದಿನದನ್ನು, ಹಿತ್ತಲನ್ನು, ಗೃಹಪ್ರವೇಶದ ಚಪ್ಪರ ಬಿಚ್ಚುವ ಮೊದಲೇ ಅತ್ತೆ ಅಗೆಯಲು ಶುರುಮಾಡಿದ್ದರು. ಅದಕ್ಕೆ ನಕ್ಷೆಯೆಂಬುದು ಇರಲಿಲ್ಲ. ಬಚ್ಚಲ ನೀರು ಹರಿದ ಕಡೆ ಬಾಳೆ, ಬಿಸಿಲು ಬಿದ್ದ ಕಡೆ ಮಲ್ಲಿಗೆ, ಗೋಡೆಗೊರಗಿ ನಂದಿಬಟ್ಟಲು, ಬಿಳಿ ಕಣಗಿಲೆ, ಬಿಳಿ ದಾಸವಾಳ, ಮೂಲೆಯಲ್ಲೊಂದು ಬಿಲ್ವ. ನೆಲ ಸಾಲದೆ ಹಳೆಯ ಎಣ್ಣೆ ಡಬ್ಬಗಳಲ್ಲಿ ತುಂಬೆ. ನಡೆಯಲು ದಾರಿ ಬಿಟ್ಟಿರಲಿಲ್ಲ. ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು ಗಿಡಗಳ ನಡುವೆ ನುಸುಳುತ್ತಿದ್ದರು. ಉಳಿದವರು ಹಿಂಬಾಗಿಲ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದರು.

ನಮ್ಮ ಮನೆಗಳಲ್ಲಿ ಸ್ನಾನವಾದ ಮೇಲೆ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಹಿರಿಯರು ತಿಂಡಿ ಮುಟ್ಟುತ್ತಿರಲಿಲ್ಲ. ಪೂಜೆಗೆ ವಿಭೂತಿಯ ಜೊತೆ ಪತ್ರೆ ಬೇಕು, ಹೂ ಬೇಕು, ಶಿವನಿಗಾದ್ದರಿಂದ ಬಿಳಿ ಹೂವಾದರೆ ಒಳ್ಳೆಯದು. ನಮ್ಮ ಬೀದಿಯಲ್ಲಿ ಅಂಥ ಮನೆಗಳು ಬಹಳ ಇದ್ದವು, ಹಿತ್ತಲಿದ್ದ ಮನೆಗಳು ಕಡಿಮೆ. ಬೆಳಗಾಗುವ ಮೊದಲೇ ಹೆಂಗಸರು ತಟ್ಟೆ, ಬುಟ್ಟಿ ಹಿಡಿದು ನಮ್ಮ ಮನೆಯ ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಬರುತ್ತಿದ್ದರು. ಅತ್ತೆ ಯಾರನ್ನೂ ಗಿಡ ಮುಟ್ಟಗೊಡುತ್ತಿರಲಿಲ್ಲ. ತಾವೇ ಉಗುರಿನಿಂದ ಕಿತ್ತು, ಯಾರ ಮನೆಯಲ್ಲಿ ಎಷ್ಟು ಜನ ಎಂದು ನೋಡಿ ಹಂಚುತ್ತಿದ್ದರು. ಹೂ ತೆಗೆದುಕೊಂಡವರು ಅಲ್ಲೇ ನಿಂತು ಮಗಳಿಗೆ ಬಂದ ಗಂಡಿನ ವಿಷಯ, ತಮ್ಮ ಗಂಡನ ತಾಯಿಯ ಕಾಟ, ಗಂಡನ ಶಿಫ್ಟಿನ ಗೋಳು ಹೇಳಿ ಸಲಹೆ ಪಡೆದು ಹೋಗುತ್ತಿದ್ದರು. ವಿಧವೆ ಹೂ ಮುಡಿಯಬಾರದು ಎಂದು ತೀರ್ಮಾನಿಸಿದ್ದ ಜನವೇ ಅವರ ಕೈಯಿಂದ ಹೂ ಪಡೆಯದೆ ದೇವರ ಮುಂದೆ ಕೂರುತ್ತಿರಲಿಲ್ಲ. ಇದರಲ್ಲಿ ಯಾರಿಗೂ ವಿಚಿತ್ರ ಕಾಣುತ್ತಿರಲಿಲ್ಲ. ನನಗೂ ಆಗ ಕಾಣಲಿಲ್ಲ.

ತೊಂದರೆ ಶುರುವಾದದ್ದು ವಿಳಾಸದಿಂದ ಎಂದು ನನ್ನ ಊಹೆ. ಅಪ್ಪಾಜಿ ತಮ್ಮ ಹೆಸರು, ಹೆಸರಿನ ಮುಂದೆ ಡಿಗ್ರಿ ಕೆತ್ತಿಸಿ ಗೇಟಿನ ಕಂಬಕ್ಕೆ ಕಲ್ಲು ಹಾಕಿಸಿದ್ದರು. ಅದನ್ನು ಓದಿದವರು ಯಾರೂ ಇರಲಿಲ್ಲ. ಬಸ್ ಸ್ಟಾಪಿನಲ್ಲಿ ಕೇಳಿದರೆ ‘ಹೂವಿನಕ್ಕನ ಮನೆ’ ಎಂದು ದಾರಿ ತೋರಿಸುತ್ತಿದ್ದರು. ಒಮ್ಮೆ ಅಪ್ಪಾಜಿಯ ಮೇಲಧಿಕಾರಿಯೇ ಹಾಗೆ ಕೇಳಿಕೊಂಡು ಬಂದು ಸೇರಿದರು. ಸ್ವಂತ ಮನೆಯಲ್ಲಿ ಸ್ವಂತ ಹೆಸರಿಲ್ಲದವನ ಮುಖ ಹೇಗಿರುತ್ತದೆ ಎಂದು ನಾನು ಅವತ್ತು ನೋಡಿದೆ. ಮೇಲಧಿಕಾರಿ ಬಂದದ್ದು ತೋಟದ ಹುಚ್ಚಿಗಿಂತ ಮೊದಲೋ ಆಮೇಲೋ, ಪ್ರಮಾಣ ಮಾಡಿ ಹೇಳಲಾರೆ. ಮೊದಲೇ ಇದ್ದರೆ ಕಥೆಗೆ ಒಳ್ಳೆಯದು, ಆದ್ದರಿಂದಲೇ ಅನುಮಾನ.

ಅದೇ ಸುಮಾರಿಗೆ ಅಪ್ಪಾಜಿ ಲೈಬ್ರರಿಯಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದರು. ತೋಟವನ್ನು ಹೇಗೆ ರೂಪಿಸಬೇಕು ಎಂಬುದರ ಬಗ್ಗೆ. ಚಿತ್ರಗಳಲ್ಲಿ ಕಣ್ಣು ಹಾಯುವವರೆಗೂ ಹುಲ್ಲು, ಅದರಾಚೆ ಸರೋವರ, ಹಂಸ, ಎಲ್ಲೋ ಕೊನೆಯಲ್ಲಿ ಬಟಾಣಿ ಕಾಳಿನಷ್ಟು ಮನೆ. ನಮ್ಮಲ್ಲಿ ಮನೆ ಮುಂದಿನ ಜಾಗ ಎಂದರೆ ಎರಡು ಚಾಪೆ ಉದ್ದಕ್ಕೆ ಹಾಸಿ ಮೂರನೆಯದನ್ನು ಮಡಿಸಬೇಕು, ಅಷ್ಟು. ಆದರೆ ತತ್ತ್ವಕ್ಕೆ ಅಳತೆಯ ಹಂಗಿಲ್ಲ ಎಂದು ಅಪ್ಪಾಜಿ ಹೇಳಿದರು. ಅದು ಪುಸ್ತಕದಲ್ಲೇ ಇತ್ತೋ ಅವರ ಸ್ವಂತದ್ದೋ ಗೊತ್ತಿಲ್ಲ. ಬಡಾವಣೆಯ ಸಂಘದವರು ಆ ವರ್ಷ ಮನೆತೋಟಗಳ ಸ್ಪರ್ಧೆ ಏರ್ಪಡಿಸಿ, ಗೆದ್ದವರಿಗೆ ಒಂದು ಕಪ್ಪು ಎಂದು ಪ್ರಕಟಿಸಿದ್ದೂ ತತ್ತ್ವಚಿಂತನೆಗೆ ಒದಗಿ ಬಂತು.

ಮೊದಲ ತತ್ತ್ವ ಸಮತೋಲನ. ಗೇಟಿನ ಎರಡೂ ಕಡೆ ಎರಡು ಅಶೋಕದ ಸಸಿ ನೆಟ್ಟರು. ಎಡಗಡೆಯದು ಒಣಗಿಹೋಯಿತು. ನರ್ಸರಿಯಲ್ಲಿ ಅದೇ ಎತ್ತರದ್ದು ಸಿಗಲಿಲ್ಲ. ಸಮತೋಲನ ಕೆಡಬಾರದೆಂದು ಅಪ್ಪಾಜಿ ಬಲಗಡೆಯದನ್ನೂ ಕಿತ್ತುಹಾಕಿದರು.

ಆಮೇಲೆ ದಾರಿಯ ವಿಷಯ ಬಂತು. ನೇರ ದಾರಿಯಲ್ಲಿ ಕುತೂಹಲವಿಲ್ಲ, ಬಳುಕುವ ದಾರಿ ನಡೆಯುವವನಿಗೆ ಮುಂದೇನಿದೆಯೋ ಎಂಬ ಆಸೆ ಹುಟ್ಟಿಸುತ್ತದೆ ಎಂದು ಪುಸ್ತಕ ಹೇಳಿತ್ತಂತೆ. ಗೇಟಿನಲ್ಲಿ ನಿಂತವನಿಗೆ ನಮ್ಮ ಬಾಗಿಲ ಚಿಲಕ, ಬಾಗಿಲು ತೆರೆದಿದ್ದರೆ ಒಳಗಿನ ಗೋಡೆ ಗಡಿಯಾರದ ಮುಳ್ಳು ಕೂಡ ಕಾಣುತ್ತಿತ್ತು. ಆದರೂ ಕುತೂಹಲಕ್ಕಾಗಿ ಅಷ್ಟರಲ್ಲೇ ಎರಡು ಬಳುಕು ಹಾಕಿ ಚಪ್ಪಡಿ ಹಾಸಿ, ಅಕ್ಕಪಕ್ಕ ಹುಲ್ಲು ಬೆಳೆಸಲಾಯಿತು. ಕಾಗದದ ಮೇಲೆ ಆ ಬಳುಕನ್ನು ಶಾಯಿಯಲ್ಲಿ ಎಳೆದುಕೊಟ್ಟವಳು ನಾನೇ. ನನ್ನ ಗೆರೆ ಚೆನ್ನಾಗಿತ್ತು. ಅತ್ತೆ ಮೊದಲ ಸಲ ಅದರ ಮೇಲೆ ನಡೆದು ನೋಡಿ, “ಬಾಗಲಿಗೆ ಹೋಗಾಕ ಕುಣ್ಕೋತ ಹೋಗಬೇಕೇನಪ್ಪ?” ಎಂದು ಕೇಳಿದರು. ಹಾಲಿನವನು, ಅಂಚೆಯವನು, ಅಪ್ಪಾಜಿಯ ಸ್ನೇಹಿತರು, ಯಾರೂ ಕುಣಿಯಲಿಲ್ಲ. ಹುಲ್ಲಿನ ಮೇಲೆ ನೇರವಾಗಿ ನಡೆದರು. ತಿಂಗಳೊಪ್ಪತ್ತಿನಲ್ಲಿ ಚಪ್ಪಡಿಯ ದಾರಿಯ ಮೇಲೆ ಹುಲ್ಲು ಬೆಳೆದು, ಹುಲ್ಲಿನ ಮೇಲೆ ದಾರಿ ಮೂಡಿತು.

ಇನ್ನೊಂದು ತತ್ತ್ವ, ಎರವಲು ನೋಟ. ತೋಟ ತನ್ನ ಬೇಲಿಯೊಳಗೆ ಮುಗಿಯಬಾರದು, ಆಚೆಗಿನ ಬೆಟ್ಟವನ್ನೋ ಕಾಡನ್ನೋ ತನ್ನದಾಗಿ ಮಾಡಿಕೊಳ್ಳಬೇಕು. ನಮ್ಮ ಕಾಂಪೌಂಡಿನ ಆಚೆಗೆ ಎರವಲು ಸಿಗುತ್ತಿದ್ದದ್ದು ಕಾರ್ಖಾನೆಯ ಚಿಮಣಿ ಮತ್ತು ಪಕ್ಕದ ಮನೆಯವರು ಬಟ್ಟೆ ಒಣಹಾಕುವ ತಂತಿ. ಚಿಮಣಿಯ ಬಗ್ಗೆ ಮಾಡುವಂಥದ್ದೇನಿರಲಿಲ್ಲ. ತಂತಿಯನ್ನು ಇನ್ನೊಂದು ಬದಿಗೆ ಕಟ್ಟಿಕೊಳ್ಳಲು ಆಗುತ್ತದೆಯೇ ಎಂದು ಅಪ್ಪಾಜಿ ಹೋಗಿ ಬಹಳ ವಿನಯದಿಂದ ಕೇಳಿದರು. ಪಕ್ಕದ ಮನೆಯವರು, ನಮ್ಮ ಚಡ್ಡಿ ಬನಿಯನ್ನಿನಿಂದ ನಿಮಗೇನು ಸಾರ್ ತೊಂದರೆ ಎಂದು ಕೇಳಿದರಂತೆ. ನಿಮ್ಮ ಚಡ್ಡಿ ನಮ್ಮ ತೋಟದ ಹಿನ್ನೆಲೆ ಎಂದು ವಿವರಿಸುವುದು ಕಷ್ಟ. ಅಪ್ಪಾಜಿ ವಾಪಸು ಬಂದರು.

ಎಲ್ಲಕ್ಕಿಂತ ಮುಖ್ಯವಾದದ್ದು ಕೇಂದ್ರ. ನೋಡುವವನ ಕಣ್ಣು ಅಲೆದಾಡದೆ ಒಂದೆಡೆ ಬಂದು ನಿಲ್ಲಬೇಕು. ಅದಕ್ಕಾಗಿ ನಡುವೆ ಆ ದುಂಡು ಪಾತಿ, ನಾನು ಹೇಳುವ ಪ್ರಕಾರ ದುಂಡು. ಸುತ್ತ ಇಟ್ಟಿಗೆಗಳನ್ನು ಓರೆಯಾಗಿ ಹೂತು ಒಂದಕ್ಕೆ ಕೆಮ್ಮಣ್ಣು ಒಂದಕ್ಕೆ ಸುಣ್ಣ ಬಳಿದು, ಪಕ್ಕಕ್ಕೆ ಸಿಮೆಂಟಿನ ಕೊಕ್ಕರೆ ನಿಲ್ಲಿಸಿದರು. ಪಾತಿಯೊಳಗೆ ಯಾವ ಬಣ್ಣ ಎಂಬುದರ ಬಗ್ಗೆ ಬಹಳ ಚಿಂತನೆ ನಡೆಯಿತು. ಬೀದಿಯ ಉಳಿದ ಮನೆಗಳಲ್ಲಿ ಕೆಂಪು, ಹಳದಿ, ನೇರಳೆ ಎಲ್ಲ ಕಲಸಿ ಹಾಕಿದ್ದರು. ಅದು ಸಂಸ್ಕಾರವಿಲ್ಲದ ಕಣ್ಣಿನ ಲಕ್ಷಣವೆಂದು ಗೊತ್ತಾಯಿತು. ಒಂದು ಪಾತಿಗೆ ಒಂದೇ ಬಣ್ಣ. ಅದೂ ಬಿಳಿ, ಏಕೆಂದರೆ ಬಿಳಿ ಕಣ್ಣಿಗೆ ವಿಶ್ರಾಂತಿ ಕೊಡುತ್ತದೆ. ಹೀಗೆ ಪಾತಿಯ ತುಂಬ ಬಿಳಿ ಆಸ್ಟರ್ ಸಸಿಗಳು ಬಂದು ಕೂತವು. ಶಿವಪೂಜೆಯ ಮನೆಗಳ ಬೀದಿಯಲ್ಲಿ, ಶ್ರಾವಣಕ್ಕೆ ಸರಿಯಾಗಿ ಅರಳುವ ಹಾಗೆ, ಗೇಟಿನ ಎದುರಿಗೇ ಬಿಳಿ ಹೂವಿನ ರಾಶಿ ಬೆಳೆಸುವುದಕ್ಕೆ ಎಷ್ಟು ಓದಿರಬೇಕು ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ತೋಟವನ್ನು ಮನೆಯ ಕಿಟಕಿಗಳಿಂದ ನೋಡಿ ರೂಪಿಸಬೇಕು ಎಂದು ಆ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವೇ ಇತ್ತು. ಅದನ್ನು ನಾನು ಓದಿದ್ದೆ. ಅಪ್ಪಾಜಿಯೂ ಓದಿರಬೇಕು. ಆದರೆ ಬೆಳಿಗ್ಗೆ ಸಂಜೆ ಅವರು ತೋಟ ನೋಡುತ್ತಿದ್ದದ್ದು ಗೇಟಿನ ಹೊರಗೆ, ರಸ್ತೆಯಲ್ಲಿ ನಿಂತು, ಕೈ ಹಿಂದೆ ಕಟ್ಟಿಕೊಂಡು, ಯಾರೋ ಪರಸ್ಥಳದವರ ಹಾಗೆ. ಮುಂದಿನ ಕೋಣೆಯ ಕಿಟಕಿಗೆ ಎದೆಮಟ್ಟದವರೆಗೂ ಮಬ್ಬು ಗಾಜು. ಅಡಿಗೆಮನೆಯ ಕಿಟಕಿ ಹಿತ್ತಲ ಕಡೆಗೆ. ಒಳಗಿದ್ದವರಿಗೆ ಕಾಣುತ್ತಿದ್ದದ್ದು ಕೊಕ್ಕರೆಯ ಕೊಕ್ಕು ಮಾತ್ರ. ಒಂದು ದಿನ ಅವ್ವ ಅಕ್ಕಿ ಕೇರುತ್ತಿದ್ದವಳು ಮೊರ ಕೈಯಲ್ಲೇ ಹಿಡಿದು ರಸ್ತೆಗೆ ಹೋಗಿ ನಿಂತು, ತಲೆ ಓರೆ ಮಾಡಿ ನಮ್ಮ ತೋಟವನ್ನು ನೋಡಿ, ಚೆನ್ನಾಗಿದೆ ಎಂದು ಹೇಳಿ ಒಳಗೆ ಬಂದು ಮತ್ತೆ ಅಕ್ಕಿ ಕೇರತೊಡಗಿದಳು.

ಇಲ್ಲಿಯವರೆಗೆ ಎಲ್ಲವೂ ನಗುವ ವಿಷಯವೇ ಆಗಿತ್ತು. ಮುಂದಿನ ತೋಟಕ್ಕೆ ಕೈ ಹಾಕಬಾರದೆಂದು ಅಪ್ಪಾಜಿ ಅತ್ತೆಗೆ ಹೇಳಿದ್ದರು, ಅತ್ತೆ ಹಾಕಿರಲಿಲ್ಲ. ಅವರಿಗೆ ಹಿತ್ತಲಿತ್ತು. ಆಷಾಢ ಕಳೆಯುವ ಹೊತ್ತಿಗೆ, ಒಂದು ಮಧ್ಯಾಹ್ನ ಊಟದ ನಡುವೆ, ಅಪ್ಪಾಜಿ ಎರಡನೆಯ ಹಂತ ಪ್ರಕಟಿಸಿದರು. ಕಪ್ಪು ಬಂದಮೇಲೆ ಜನ ತೋಟ ನೋಡಲು ಬರುತ್ತಾರೆ. ಬಂದವರಿಗೆ ಹಿಂದುಗಡೆಯ ಆ ಪೊದೆ, ಡಬ್ಬ, ಬಚ್ಚಲ ನೀರು ತೋರಿಸಲಾಗುತ್ತದೆಯೇ? ಅಲ್ಲಿಯೂ ಹುಲ್ಲು ಹಾಸಿ ಒಂದು ಕಲ್ಲುಬೆಂಚು ಹಾಕುವುದು. ಮನೆ ಪೂರ್ತಿ ಒಂದೇ ವಿನ್ಯಾಸ. ಏಕತೆ ಎನ್ನುವುದೂ ಒಂದು ತತ್ತ್ವ. ಬೆಳಗಿನ ಹೊತ್ತು ಹೆಂಗಸರು ಸಂದಿಯಲ್ಲಿ ಓಡಾಡುವುದೂ ನಿಲ್ಲುತ್ತದೆ. ಅಕ್ಕನಿಗೆ ಬೇಕಾದರೆ ಮಹಡಿಯ ಮೇಲೆ ನಾಲ್ಕು ಕುಂಡ ಇಟ್ಟುಕೊಳ್ಳಬಹುದು.

ಅತ್ತೆ ಬಡಿಸುತ್ತಿದ್ದರು. ಬಡಿಸುವುದನ್ನು ನಿಲ್ಲಿಸಲಿಲ್ಲ. ಅಪ್ಪಾಜಿಗೆ ಇನ್ನೊಂದು ಸೌಟು ಸಾರು ಹಾಕಿದರು.

ಎರಡು ಮೂರು ದಿನ ಕಳೆದ ಮೇಲೆ ಅವ್ವ ನನ್ನನ್ನು ಬಚ್ಚಲ ಹಿಂದಕ್ಕೆ ಕರೆದು ತೋರಿಸಿದಳು. ಮಲ್ಲಿಗೆ, ಕಣಗಿಲೆ, ನಂದಿಬಟ್ಟಲುಗಳ ಗೇಣುದ್ದದ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ನೆರಳಿನಲ್ಲಿ ಒರಗಿಸಿ ಇಟ್ಟಿತ್ತು. ಬೇರೆಲ್ಲಾದರೂ ಒಯ್ದು ನೆಡುವವರು ಕಟ್ಟುವ ಕಟ್ಟು.

“ನಿಮ್ಮತ್ತಿ ಹೋಗೋ ಯೋಚನೆ ಮಾಡ್ಯಾಳ,” ಅಂದಳು ಅವ್ವ. “ಹಿತ್ತಲ ಹೋತು ಅಂದ್ರ ಆಕಿ ಈ ಮನ್ಯಾಗ ಯಾರು ಹೇಳು. ಬರೇ ಉಣ್ಣೋಕಿ ಆಗ್ತಾಳ.”

ಹೋಗುವುದಾದರೂ ಎಲ್ಲಿಗೆ? ಊರಿನಲ್ಲಿ ಇನ್ನೊಬ್ಬ ತಮ್ಮ ಇದ್ದ. ಅವನ ಮನೆಯಲ್ಲಿ ಅವನ ಹೆಂಡತಿ, ಐದಾರು ಮಕ್ಕಳು, ಒಂದು ನಡುಮನೆ. ಹಿತ್ತಲೇ ಇಲ್ಲದ ಮನೆ. ಅಪ್ಪಾಜಿಗೆ ಹೇಳು ಎಂದೆ ಅವ್ವನಿಗೆ. ಹೇಳಿದಳಂತೆ. ಅಕ್ಕ ಎಲ್ಲೂ ಹೋಗುವುದಿಲ್ಲ, ಆಕೆಗೆ ಇಲ್ಲಿ ಏನು ಕಡಿಮೆಯಾಗಿದೆ ಎಂದು ಅಪ್ಪಾಜಿ ಕೇಳಿದರಂತೆ. ಕಪ್ಪು ಬಂದರೆ ಹಿತ್ತಲು ಹೋಗುತ್ತದೆ, ಹಿತ್ತಲು ಹೋದರೆ ಅತ್ತೆ ಹೋಗುತ್ತಾರೆ. ಈ ಸರಳ ಲೆಕ್ಕ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ತೋಟದ ರಚನೆಕಾರರೊಬ್ಬರನ್ನು ಬಿಟ್ಟು.

ಸ್ಪರ್ಧೆಯ ತೀರ್ಪುಗಾರರು ಬರುವ ದಿನವನ್ನು ಗೊತ್ತುಮಾಡುವಾಗ ಅಪ್ಪಾಜಿಯೇ ಸಂಘದ ಸಭೆಯಲ್ಲಿದ್ದರು. ಕಚೇರಿಗೆ ರಜೆ ಹಾಕಬಹುದಾದ ದಿನ, ಆಸ್ಟರ್ ಪೂರ್ತಿ ಅರಳಿರುವ ದಿನ, ಎರಡನ್ನೂ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ತಾಳೆ ಹಾಕಿ ಒಂದು ಸೋಮವಾರಕ್ಕೆ ಒಪ್ಪಿಗೆ ಕೊಟ್ಟರು. ಆ ಕ್ಯಾಲೆಂಡರಿನಲ್ಲಿ ಸೋಮವಾರ ಇತ್ತು, ಶ್ರಾವಣ ಇರಲಿಲ್ಲ. ಅಡಿಗೆಮನೆಯಲ್ಲಿ ಪಂಚಾಂಗದ ಕ್ಯಾಲೆಂಡರು ತೂಗುತ್ತಿತ್ತು. ಅಪ್ಪಾಜಿ ಅಡಿಗೆಮನೆಗೆ ಬರುವುದು ಕಡಿಮೆ. ಅವ್ವ ಏಕೆ ಹೇಳಲಿಲ್ಲ? ಶ್ರಾವಣ ಸೋಮವಾರವೆಂದು ಹುಟ್ಟಿದಾರಭ್ಯ ಒಪ್ಪತ್ತು ಮಾಡುವ ಗಂಡಸಿಗೆ ಅದನ್ನು ಹೇಳಬೇಕೆಂದು ತನಗೆ ಹೊಳೆಯಲಿಲ್ಲ ಎಂದಳು. ಇದನ್ನು ನಾನು ಅರ್ಧ ನಂಬುತ್ತೇನೆ.

ಹಿಂದಿನ ದಿನ ಭಾನುವಾರ. ಅತ್ತೆ ಕೆಂಗೇರಿಯಲ್ಲಿ ಯಾರದೋ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದರು. ತೀರ್ಪುಗಾರರು ಅಕಸ್ಮಾತ್ ಹಿಂದುಗಡೆಯೂ ಇಣುಕಿದರೆ ಎಂಬ ಯೋಚನೆ ಅಪ್ಪಾಜಿಗೆ ಬಂತು. ಗಿಡಗಳನ್ನು ಕತ್ತರಿಸಿ ಆಕಾರಕ್ಕೆ ತರುವ ಬಗ್ಗೆಯೂ ಪುಸ್ತಕದಲ್ಲಿ ಒಂದು ಅಧ್ಯಾಯವಿತ್ತು. ಎಲ್ಲಿಂದಲೋ ಬೇಲಿ ಕತ್ತರಿ ತಂದು ಮಧ್ಯಾಹ್ನವಿಡೀ ಕತ್ತರಿಸಿದರು. ನಂದಿಬಟ್ಟಲು ಚೆಂಡಿನಂತಾಯಿತು, ದಾಸವಾಳ ಇನ್ನೊಂದು ಚೆಂಡು, ಕಣಗಿಲೆ ಚೆಂಡಾಗಲು ಒಪ್ಪದೆ ಬರೀ ಕೋಲುಗಳಾಗಿ ನಿಂತಿತು. ಮಾರನೆಯ ದಿನ ಬಿರಿಯಬೇಕಿದ್ದ ಮೊಗ್ಗುಗಳೆಲ್ಲ ತಿಪ್ಪೆ ಸೇರಿದವು. ಸಂಜೆಯ ಹೊತ್ತಿಗೆ ಹಿತ್ತಲ ಗಿಡಗಳು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದ ಕುಟುಂಬದ ಹಾಗೆ ಸಾಲಾಗಿ ನಿಂತಿದ್ದವು.

ಅತ್ತೆ ಬಂದು ನೋಡಿದರು. ಕತ್ತರಿಸಿದ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ಹಾಲು ಒರೆಸಿದರು. ಕೈ ತೊಳೆದುಕೊಂಡು ಒಳಗೆ ಹೋದರು. ಜಗಳವಾಗುತ್ತದೆ ಎಂದು ಕಾದ ನನಗೂ ಅವ್ವನಿಗೂ ನಿರಾಶೆಯೇ ಆಯಿತು.

ಬೆಳಿಗ್ಗೆ ಹೆಂಗಸರು ಎಂದಿಗಿಂತ ಹೆಚ್ಚಾಗಿ ಬಂದರು. ಶ್ರಾವಣ ಸೋಮವಾರವೆಂದು ಬೇರೆ ಬೀದಿಯವರೂ ಬಂದಿದ್ದರು. ಪುಸ್ತಕ ಹಿಡಿದು ಕೂತಿದ್ದ ನನಗೆ ಸಂದಿಯಲ್ಲಿ ಬಳೆಗಳ ಸದ್ದು ಬಂದು ನಿಂತದ್ದು, ಆಮೇಲೆ ಅದೇ ಸದ್ದು ಸಂದಿಯಿಂದ ಮನೆಯ ಮುಂದಕ್ಕೆ ಸರಿದದ್ದು ನೆನಪಿದೆ. ಅಪ್ಪಾಜಿ ಬಚ್ಚಲಲ್ಲಿದ್ದರು. ಮುಖ್ಯವಾದ ದಿನಗಳಲ್ಲಿ ಅವರ ಕ್ಷೌರ ನಿಧಾನ. ನಾನು ಎದ್ದು ಹೊರಗೆ ಹೋಗುವಷ್ಟರಲ್ಲಿ ಅತ್ತೆ ದುಂಡು ಪಾತಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಎಂದಿನಂತೆ ಉಗುರಿನಿಂದ, ಒಂದು ಎಲೆಗೂ ನೋವಾಗದ ಹಾಗೆ, ಆಸ್ಟರ್ ಕೀಳುತ್ತಿದ್ದರು. ಹೆಂಗಸರು ಬಳುಕುವ ದಾರಿಯ ಮೇಲೆ ಸಾಲಾಗಿ ನಿಂತಿದ್ದರು. ಆ ದಾರಿಯನ್ನು ಯಾರಾದರೂ ಬಳಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಂಘದ ಅಧ್ಯಕ್ಷರ ಹೆಂಡತಿ ಬಂದು ಸೆರಗಿನ ತುಂಬ ತೆಗೆದುಕೊಂಡು ಹೋದರು. ಅವ್ವ ಕೂಡ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ನಮ್ಮ ಮನೆಯ ಪಾಲೂ ಆಗಬೇಕಲ್ಲ.

ಅಪ್ಪಾಜಿ ಸ್ನಾನ ಮುಗಿಸಿ ಬಂದು ದೇವರ ಮನೆಯಲ್ಲಿ ಕೂತು ಪೂಜೆ ಮಾಡಿದರು. ತಟ್ಟೆಯಲ್ಲಿದ್ದ ಬಿಳಿ ಹೂಗಳನ್ನು ಒಂದೊಂದಾಗಿ ಲಿಂಗಕ್ಕೆ ಏರಿಸಿದರು. ಅರ್ಧ ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ, ಬಹಳ ಹೊತ್ತು ಮಾಡಿದರು. ಏನು ಬೇಡಿಕೊಂಡರೋ. ತಾವು ತಿಂಗಳುಗಟ್ಟಲೆ ನೀರು ಹಾಕಿ ಬೆಳೆಸಿದ ಹೂವು ಅದೆಂದು ಅವರಿಗೆ ತಿಳಿಯಲಿಲ್ಲ. ಆ ಹೂವನ್ನು ಅವರು ಅಷ್ಟು ಹತ್ತಿರದಿಂದ ಎಂದೂ ನೋಡಿಯೇ ಇರಲಿಲ್ಲ. ಅವರು ನೋಡುತ್ತಿದ್ದದ್ದು ಗೇಟಿನಿಂದ.

ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಅವರು ಹೊರಗೆ ಬಂದದ್ದಕ್ಕೂ ತೀರ್ಪುಗಾರರು ಗೇಟು ತೆಗೆದದ್ದಕ್ಕೂ ಹೆಚ್ಚು ಅಂತರವಿರಲಿಲ್ಲ. ಮೂವರು ಬಂದಿದ್ದರು. ಮುಂದೆ ಇದ್ದವರು ಸಂಘದ ಅಧ್ಯಕ್ಷರು. ಮೂವರೂ ಗೇಟಿನಲ್ಲೇ ನಿಂತು ನೋಡಿದರು. ಅವರ ಕಣ್ಣು ಎಲ್ಲೂ ಅಲೆದಾಡದೆ, ಪುಸ್ತಕ ಹೇಳಿದ್ದ ಹಾಗೆಯೇ, ನೇರ ಬಂದು ಕೇಂದ್ರದಲ್ಲಿ ನಿಂತಿತು. ಅಲ್ಲಿ ಕೆಂಪು–ಬಿಳಿ ಇಟ್ಟಿಗೆಗಳ ನಡುವೆ ಹಸಿರು ಕಡ್ಡಿಗಳಿದ್ದವು. ಕೊಕ್ಕರೆ ಅವನ್ನೇ ನೋಡುತ್ತಿತ್ತು.

“ಸೆಂಟರಲ್ಲಿ ಏನೋ ಹಾಕಿದೀರಿ ಅಂತ ಹೇಳಿದ್ರಿ ಸಾರ್?” ಎಂದು ಅಧ್ಯಕ್ಷರು ಕೇಳಿದರು.

“ಆಸ್ಟರ್,” ಅಂದರು ಅಪ್ಪಾಜಿ. “ವೈಟು.”

ಅಧ್ಯಕ್ಷರ ಕೈ ತಾನಾಗಿ ಕಿವಿಯ ಕಡೆಗೆ ಹೋಯಿತು. ಪೂಜೆ ಮುಗಿಸಿದ ಗಂಡಸರು ಸಿಕ್ಕಿಸಿಕೊಳ್ಳುವ ಹಾಗೆ ಅಲ್ಲೊಂದು ಹೂವಿತ್ತು. ಅವ್ವ ಅದು ಅಂಗಿಯ ಜೇಬಿನಲ್ಲಿತ್ತು ಎನ್ನುತ್ತಿದ್ದಳು. ಜೇಬಿನಲ್ಲೇ ಇದ್ದಿರಬಹುದು, ನನ್ನ ನೆನಪು ನಗುವಿನ ಆಸೆಗೆ ಅದನ್ನು ಮೇಲಕ್ಕೆ ಸಿಕ್ಕಿಸಿರಬಹುದು. ಎಲ್ಲಿತ್ತೋ, ಅಧ್ಯಕ್ಷರು ಅದನ್ನು ತೆಗೆದು ಬೆರಳ ನಡುವೆ ತಿರುಗಿಸಿ ನೋಡಿದರು.

“ನಮ್ಮನೆಯವರು ಬೆಳಿಗ್ಗೆ ತಂದ್ರು,” ಅಂದರು. “ತುಂಬಾ ಚೆನ್ನಾಗಿ ಬಂದಿದೆ ಸಾರ್ ಹೂವು. ಯಾವ ಗೊಬ್ಬರ ಹಾಕ್ತೀರಿ?”

ಅವರು ಕುಹಕವಾಡಲಿಲ್ಲ. ನಿಜವಾಗಿ ಮೆಚ್ಚಿಯೇ ಹೇಳಿದ್ದು. ಅದನ್ನು ತಡೆದುಕೊಳ್ಳುವುದೇ ಕಷ್ಟವಾಗಿತ್ತೆಂದು ಕಾಣುತ್ತದೆ. ಅಪ್ಪಾಜಿ ಕುರಿಗೊಬ್ಬರ ಎಂದು ಉತ್ತರ ಕೊಟ್ಟರು. ತೀರ್ಪುಗಾರರು ಕೊಕ್ಕರೆಯ ಬಗ್ಗೆ ಒಂದೆರಡು ಒಳ್ಳೆಯ ಮಾತಾಡಿ ಹೊರಟರು. ಹಿಂದುಗಡೆ ಯಾರೂ ಇಣುಕಲಿಲ್ಲ.

ಕಪ್ಪು ಮೂಲೆ ಮನೆಗೆ ಹೋಯಿತು. ಅಲ್ಲಿ ಕ್ರೋಟನ್ ಕುಂಡಗಳನ್ನು ಬಿಟ್ಟರೆ ಏನೂ ಇರಲಿಲ್ಲ, ಹೆಸರಿಗೆ ಒಂದು ಹೂವಿರಲಿಲ್ಲ. ಆದರೆ ಕ್ರೋಟನ್ ಎಲೆಯನ್ನು ಯಾವ ದೇವರೂ ಕೇಳುವುದಿಲ್ಲ. ಆ ಸೋಮವಾರ ಬಡಾವಣೆಯಲ್ಲಿ ಹಿಂದಿನ ದಿನ ಹೇಗಿತ್ತೋ ಹಾಗೇ ಉಳಿದಿದ್ದ ತೋಟ ಅದೊಂದೇ. ನಮ್ಮ ಪ್ರದೇಶಕ್ಕೆ ಹೊಂದುವ ಉದ್ಯಾನಶಾಸ್ತ್ರವನ್ನು ಯಾರಾದರೂ ಬರೆಯುವುದಿದ್ದರೆ ಇದನ್ನು ಮೊದಲ ಪುಟದಲ್ಲೇ ಹಾಕಬೇಕು: ತೋಟದಲ್ಲಿ ದೇವರಿಗೆ ಬೇಡವಾದದ್ದನ್ನು ಮಾತ್ರ ಬೆಳೆಸಿ.

ಅಪ್ಪಾಜಿ ತೀರ್ಪುಗಾರರನ್ನು ಕಳಿಸಿ ಒಳಗೆ ಬಂದಾಗ ಅತ್ತೆ ನಡುಮನೆಯಲ್ಲಿ ಬೇಳೆ ಆರಿಸುತ್ತಿದ್ದರು. ಅವ್ವ ಅಡಿಗೆಮನೆಯ ಬಾಗಿಲಲ್ಲಿ, ನಾನು ಪುಸ್ತಕದ ಹಿಂದೆ.

“ಮುಂದಿನ ಪಾತಿಗೆ ಕೈ ಹಾಕಬೇಡ ಅಂತ ಹೇಳಿದ್ನೋ ಇಲ್ವೋ ಅಕ್ಕ?”

“ಹೇಳಿದ್ದಿ,” ಅಂದರು ಅತ್ತೆ. ತಲೆಯೆತ್ತಲಿಲ್ಲ. “ಹಿಂದಿಂದಕ್ಕೆ ನೀನು ಕೈ ಹಾಕಿದ್ದಿ, ಮುಂದಿಂದಕ್ಕೆ ನಾನು ಹಾಕೀನಿ. ಶ್ರಾವಣ ಸೋಮಾರ ಬಾಗಲಿಗೆ ಬಂದೋರನ್ನ ಬರಿಗೈಲೆ ಕಳಸಬೇಕಿತ್ತೇನು?”

“ಯಾರಿಗೆ ಕೊಡಬೇಕು ಬಿಡಬೇಕು ಅನ್ನೋದು ನಾನು ಹೇಳ್ತೀನಿ. ಇದು ನನ್ನ ಮನೆ.”

ಬೇಳೆಯ ಮೇಲೆ ಓಡಾಡುತ್ತಿದ್ದ ಅತ್ತೆಯ ಬೆರಳು ನಿಂತಿತು. ಅಪ್ಪಾಜಿಗೂ ತಾವು ಏನಂದೆವೆಂದು ಕೇಳಿಸಿರಬೇಕು.

“ಗೊತ್ತೈತಪ್ಪ,” ಅಂದರು ಅತ್ತೆ. “ಕಂಬಕ್ಕ ಬರಸೀಯಲ್ಲ.”

ಅಷ್ಟೇ. ಬೆರಳು ಮತ್ತೆ ಓಡಾಡತೊಡಗಿತು. ಅಪ್ಪಾಜಿ ಅಂಗಿ ಬದಲಿಸದೆ ಹೊರಗೆ ಹೋದರು, ಊಟಕ್ಕೆ ಬಂದರು. ಒಪ್ಪತ್ತಿನ ದಿನವಾದ್ದರಿಂದ ಅದು ಸಂಜೆಯ ಊಟ. ಅತ್ತೆಯೇ ಬಡಿಸಿದರು.

ಅವರು ಹೊರಟೇಬಿಡುತ್ತಾರೆ ಎಂದು ನಾವು ಕಾದೆವು. ಗೋಣಿಯ ಕಟ್ಟು ಬಚ್ಚಲ ಹಿಂದೆ ಕೆಲವು ದಿನ ಹಾಗೇ ಒರಗಿತ್ತು. ಅತ್ತೆ ದಿನಾ ಅದಕ್ಕೆ ನೀರು ಚಿಮುಕಿಸುತ್ತಿದ್ದರು, ಬಿಚ್ಚುತ್ತಿರಲಿಲ್ಲ. ನಾನು ಕಾಲೇಜಿನಿಂದ ಬಂದವಳೇ ಮೊದಲು ಅಲ್ಲಿಗೆ ಹೋಗಿ ನೋಡುತ್ತಿದ್ದೆ. ಒಂದು ದಿನ ಕಟ್ಟು ಇರಲಿಲ್ಲ. ಅತ್ತೆಯನ್ನು ಹುಡುಕಿಕೊಂಡು ಹೋದೆ. ಆಮೇಲೆ ನೋಡಿದರೆ ಅತ್ತೆ ಬೋಳು ಗಿಡಗಳ ನಡುವೆ ಕಡ್ಡಿಗಳನ್ನು ಊರಿ, ಕೈಯ ಮಣ್ಣು ಕೊಡವಿಕೊಳ್ಳುತ್ತಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳಿದರೆ ಮನಸ್ಸು ಬದಲಾಯಿಸಿಯಾರು ಎಂಬ ಹೆದರಿಕೆ. ಅಪ್ಪಾಜಿ ಪುಸ್ತಕವನ್ನು ಲೈಬ್ರರಿಗೆ ಹಿಂತಿರುಗಿಸಿದರು. ಎರಡನೆಯ ಹಂತದ ಮಾತು ಮತ್ತೆ ಬರಲಿಲ್ಲ. ಮುಂದಿನ ಶ್ರಾವಣಕ್ಕೆ ಅವರು ಹೋಮಿಯೋಪತಿಯ ಕಡೆ ತಿರುಗಿದ್ದರು, ಬೀದಿಯ ಜನಕ್ಕೆ ಹೂವಿನ ಜೊತೆಗೆ ಸಕ್ಕರೆ ಗುಳಿಗೆಯೂ ಸಿಗತೊಡಗಿತು. ಅಕ್ಕ ತಮ್ಮ ಮಾತು ಬಿಡಲಿಲ್ಲ, ಮುಖ ತಿರುಗಿಸಲಿಲ್ಲ. ಅಪ್ಪಾಜಿ ಕಡೆಗಾಲದಲ್ಲಿ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದವರು ಅತ್ತೆಯೇ. ನೋಡಿದವರು ಎಂಥ ಅನ್ಯೋನ್ಯತೆ ಎಂದರು. ನನಗೂ ಹಾಗೆ ಅನ್ನಬೇಕೆನ್ನಿಸುತ್ತದೆ. ಆದರೆ ಆ ‘ಗೊತ್ತೈತಪ್ಪ’ವನ್ನು ಎಲ್ಲಿ ಇಡುವುದೆಂದು ತಿಳಿಯುವುದಿಲ್ಲ.

ಅಪ್ಪಾಜಿ, ಅವ್ವ ಇಬ್ಬರೂ ಈಗಿಲ್ಲ. ರಾಜಾಜಿನಗರದ ಮನೆಯೂ ಕೈಬಿಟ್ಟಿದೆ. ಅತ್ತೆ ಬಸವೇಶ್ವರನಗರದಲ್ಲಿ ನನ್ನ ಜೊತೆ ಇದ್ದಾರೆ. ‘ಜೊತೆ ಇದ್ದಾರೆ’ ಎಂದು ಬರೆದು ಎರಡು ಸಲ ಓದಿ ನೋಡಿದೆ, ದನಿ ಇಳಿದಿದೆಯೇ ಎಂದು. ಮೊದಲ ಮಹಡಿಯಾದ್ದರಿಂದ ನೆಲವಿಲ್ಲ. ಬಾಲ್ಕನಿಯ ಕುಂಡಗಳಿಗೆ ಅವರು ನೀರು ಹಾಕುತ್ತಾರೆ, ನಾನು ಹೇಳಿದಷ್ಟು. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಇದನ್ನು ಬರೆಯಲು ಶುರುಮಾಡಿದಾಗ ವಿವರಗಳಿಗಾಗಿ ಅವರನ್ನೇ ಕೇಳಿದೆ. ಪಾತಿ ದುಂಡಗಿತ್ತು ಎಂದರು. ಕೊಕ್ಕರೆ ಒಂದೇ ಎಂದರು. ಹೂವನ್ನು ಬೇಕೆಂದೇ ಕಿತ್ತಿರಾ ಎಂದದ್ದಕ್ಕೆ, ಹೂವು ಬೇಕಾಗಿತ್ತು, ಕಿತ್ತೆ, ಅದರಲ್ಲೇನು ಬೇಕಂತ ಬೇಡಂತ ಎಂದು ನಕ್ಕರು. ಎಲ್ಲದಕ್ಕೂ ಥಟ್ಟನೆ ಉತ್ತರ ಬರುತ್ತಿತ್ತು. ಆ ಧೈರ್ಯದ ಮೇಲೆ, ಇಷ್ಟು ವರ್ಷ ಯಾರೂ ಕೇಳದೆ ಬಿಟ್ಟದ್ದನ್ನೂ ಕೇಳಿಬಿಟ್ಟೆ.

“ಅತ್ತೆ, ‘ಇದು ನನ್ನ ಮನೆ’ ಅಂತ ಅಪ್ಪಾಜಿ ಅಂದ ಮೇಲೂ ನೀವು ಉಳಿದ್ರಲ್ಲ, ಇರಬೇಕು ಅನ್ನಿಸಿ ಉಳಿದ್ರಾ, ಇಲ್ಲ ಹೋಗೋಕೆ ಬೇರೆ ಜಾಗ ಇಲ್ಲ ಅಂತ ಉಳಿದ್ರಾ?”

ಅತ್ತೆ ನನ್ನ ಕಡೆ ತಿರುಗಿ ಕೂತರು. ಕೇಳಿಸಿದೆ ಎಂದು ಗೊತ್ತಾಯಿತು. ಆಮೇಲೆ ಇಷ್ಟು ದಿನಗಳಾದವು, ಬೇರೆ ಎಲ್ಲ ಮಾತೂ ಆಡುತ್ತಾರೆ. ಇದಕ್ಕೆ ಇನ್ನೂ ಏನೂ ಹೇಳಿಲ್ಲ.